ಬಿದಿರಿಗೆ ದಾರಿ ಇತ್ತು, ಬಾಣಂತಿಗೆ ಇಲ್ಲವೇ?

ಕಾಡಿನೊಳಗಿನ ಒಂದು ಮಣ್ಣುರಸ್ತೆಯ ಕೊಚ್ಚಿಹೋದ ಮೋರಿಗೆ ನಾಲ್ಕು ಬುಟ್ಟಿ ಜಂಬಿಟ್ಟಿಗೆ ಕಲ್ಲು ಹಾಕಬೇಕಾದರೆ ಎಷ್ಟು ಜನ ಸಾಹೇಬರ ರುಜು ಬೇಕು? ಮೂರು ಕಚೇರಿಗಳ ಮೆಟ್ಟಿಲು ಹತ್ತಿ ಇಳಿದ ಮೇಲೂ ಈ ಲೆಕ್ಕ ನನಗೆ ಬಗೆಹರಿದಿಲ್ಲ. ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಹೊಟ್ಟೆ ಹೊರೆದವನು ನಾನು. ಇಂತಹ ಲೆಕ್ಕ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ಕಾರವಾರದಿಂದ ಕದ್ರಾ ದಾಟಿ ಘಟ್ಟ ಹತ್ತಿದರೆ ಅಣಶಿ. ಅರಬ್ಬೀ ಸಮುದ್ರದಿಂದ ಎದ್ದ ಮೋಡ ಬಂದು ಬಡಿಯುವ ಗೋಡೆ ಅದು. ವರ್ಷಕ್ಕೆ 100 ಅಂಗುಲಕ್ಕೂ ಮೀರಿದ ಮಳೆ. ಆ ಉದ್ಯಾನದ ಸೀಮೆಯಲ್ಲಿ, ಜೊಯಿಡಾ ತಾಲ್ಲೂಕಿನ ಒಂದು ಮಜರೆಗೆ ಹೋಗುವ ರಸ್ತೆಯ ಮಾತು ನಾನು ಆಡುತ್ತಿರುವುದು. ಮಜರೆಯ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಅಲ್ಲಿಯ ಕುಣಬಿ ಜನರ ಮನೆಯ ಸೌದೆಯ ರಾಶಿ ಎಣಿಸಲು ಯಾರಾದರೂ ಬಂದು ನಿಲ್ಲುತ್ತಾರೆ. ಹೆಸರಿಲ್ಲದಿದ್ದರೂ ಆ ರಸ್ತೆಯನ್ನು ಓದುಗರು ಗುರುತಿಸಬಲ್ಲರು. ಅಂತಹವು ಜಿಲ್ಲೆಯಲ್ಲಿ ಒಂದೆರಡಲ್ಲ.

2021ರ ಜುಲೈ 22 ಮತ್ತು 23ರ ಮಳೆಯನ್ನು ಯಾರು ಮರೆತಾರು? ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಸೇತುವೆಯನ್ನೇ ಗಂಗಾವಳಿ ಎತ್ತಿಕೊಂಡು ಹೋಯಿತು. ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳು ಮಣ್ಣುಪಾಲಾದವು. ಪತ್ರಿಕೆಗಳಲ್ಲಿ ಚಿತ್ರಗಳು ಬಂದವು, ಮಂತ್ರಿಗಳು ಬಂದರು. ಅದೇ ರಾತ್ರಿ ನಮ್ಮ ಮಜರೆಯ ಹಳ್ಳದ ಮೋರಿಯೂ ಕೊಚ್ಚಿಹೋಯಿತು. ಒಂದಡಿ ಅಗಲದ ಸಿಮೆಂಟು ಪೈಪು ಎಷ್ಟು ನೀರು ಕುಡಿದೀತು? ಬಿದಿರಿನ ಬುಡ, ಮರದ ಕೊಂಬೆ, ಎಲೆಗಸ ಎಲ್ಲ ಬಂದು ಅದರ ಬಾಯಿಗೆ ಕಚ್ಚಿಕೊಂಡವು. ನೀರು ರಸ್ತೆಯನ್ನೇ ಹಳ್ಳ ಮಾಡಿಕೊಂಡು ಹರಿಯಿತು. ಅದನ್ನು ನೋಡಲು ಯಾವ ಮಂತ್ರಿಯೂ ಬರಲಿಲ್ಲ. ಬರಲು ರಸ್ತೆ ಇರಲಿಲ್ಲವಲ್ಲ, ಎಂದು ಅಲ್ಲಿಯ ಮುದುಕರೊಬ್ಬರು ನಕ್ಕರು.

ಆ ಚಳಿಗಾಲದಲ್ಲಿ ಒಂದು ಟಿಪ್ಪರು ಕೆಂಪುಮಣ್ಣು ಬಿತ್ತು. ಬಿಲ್ಲು ಆಯಿತು. ಮೃಗಶಿರ ಮಳೆ ಎರಡು ದಿನ ಹೊಡೆದ ಕೂಡಲೇ ಆ ಮಣ್ಣು ಕಾಳೀ ನದಿಯ ದಾರಿ ಹಿಡಿಯಿತು. ಮರುವರ್ಷ ಅದೂ ಇಲ್ಲ.

ಆಮೇಲಿನ ಒಂದು ಆಷಾಢದ ರಾತ್ರಿ ಚೊಚ್ಚಲ ಬಸುರಿಯೊಬ್ಬಳನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತಂದೆವು. ಬಿದಿರಿನ ಒಂದು ತುದಿ ನನ್ನ ಹೆಗಲ ಮೇಲಿತ್ತು, ಆದ್ದರಿಂದ ಇದು ಕೇಳಿದ ಮಾತಲ್ಲ. ಜೀಪು ಹಳ್ಳದ ಆಚೆ ದಡದಲ್ಲಿ ದೀಪ ಹಾಕಿಕೊಂಡು ನಿಂತಿತ್ತು. ನಾವು ಈಚೆ ದಡದಲ್ಲಿ ನೀರು ಇಳಿಯಲಿ ಎಂದು ನಿಂತಿದ್ದೆವು. ದೀಪ ಕಾಣುತ್ತಿತ್ತು, ದಾಟಲು ಆಗುತ್ತಿರಲಿಲ್ಲ. ನೀರು ಇಳಿದದ್ದು ಬೆಳಗಿನ ಜಾವಕ್ಕೆ. ತಾಯಿ ಉಳಿದಳು. ಕೂಸಿನ ಮಾತು ಬೇಡ.

ಇದಾದ ಮೇಲೆ ನಾನು ಕಚೇರಿಗಳಿಗೆ ಹೊರಟದ್ದು. ಯಾವ ಯಾವ ಕಚೇರಿ ಎಂದು ಹೇಳಿ ಅಲ್ಲಿಯ ಗುಮಾಸ್ತರ ಅನ್ನಕ್ಕೆ ಕಲ್ಲು ಹಾಕಲಾರೆ. ಅವರೂ ಸಂಬಳದ ಜನ. ಮೊದಲನೆಯ ಮೇಜಿನಲ್ಲಿ, "ಮಾಸ್ತರರೇ, ಆ ರಸ್ತೆ ನಮ್ಮ ಪಟ್ಟಿಯಲ್ಲೇ ಇಲ್ಲವಲ್ಲ" ಎಂದರು. ಎರಡನೆಯ ಮೇಜಿನಲ್ಲಿ, "ಪಟ್ಟಿಯಲ್ಲಿದೆ, ಜಾಗ ಮಾತ್ರ ನಮ್ಮದಲ್ಲ" ಎಂದರು. ಮೂರನೆಯದರಲ್ಲಿ, "ಜಾಗ ನಮ್ಮದೇ, ರಸ್ತೆ ನಮ್ಮದಲ್ಲ" ಎಂದರು. ಹಾಗಾದರೆ ಆ ಜಾಗದ ಮೇಲೆ ಮಲಗಿಕೊಂಡಿರುವುದು ಏನು ಸ್ವಾಮಿ ಎಂದು ಕೇಳಿದೆ. "ಅರ್ಜಿ ಬಿಟ್ಟು ಹೋಗಿ" ಎಂದರು. ಮೂರು ಕಡೆಯೂ ಬಿಟ್ಟು ಬಂದೆ. ಹಳ್ಳದ ನೀರು ಮಾತ್ರ ಯಾರ ರುಜುವನ್ನೂ ಕೇಳದೆ ರಸ್ತೆ ತಿನ್ನುತ್ತಲೇ ಇದೆ.

"ಕಾಡು ಉಳಿಯಬೇಕು, ಅದಕ್ಕೇ ಈ ನಿರ್ಬಂಧ" ಎನ್ನುತ್ತಾರೆ ಪಟ್ಟಣದ ವಿದ್ಯಾವಂತರು. ಕಾಡು ಉಳಿಯಬೇಕು ನಿಜ. ಆದರೆ ಈ ಕಾಡಿನೊಳಗೆ ದಾರಿ ಕಡಿದವರು ಯಾರು, ಯಾತಕ್ಕೆ ಕಡಿದರು ಎಂಬ ಕಥೆಯನ್ನು ಆ ವಿದ್ಯಾವಂತರು ಸ್ವಲ್ಪ ಓದಬೇಕು. ತೇಗದ ದಿಮ್ಮಿ ಸಾಗಿಸಲು ಬ್ರಿಟಿಷ್ ದೊರೆಗಳು ದಾರಿ ಮಾಡಿದರು. 1955ರಲ್ಲಿ ದಾಂಡೇಲಿಯಲ್ಲಿ ಕಾಗದದ ಕಂಪನಿ ಹುಟ್ಟಿತು, 1959ರಲ್ಲಿ ಯಂತ್ರ ತಿರುಗಿತು. ಅದರ ಹೊಟ್ಟೆಗೆ ಬಿದಿರು ತುಂಬಲು ಕಾಡಿನ ಮೂಲೆಮೂಲೆಗೆ ಲಾರಿ ನುಗ್ಗಿತು. ಆ ಕಾಲಕ್ಕೆ ಸರಕಾರವು ಗಿರಣಿಗೆ ಬಿದಿರು ಕೊಟ್ಟ ದರ ಟನ್ನಿಗೆ 1 ರೂಪಾಯಿ 50 ಪೈಸೆ! ಬುಟ್ಟಿ ಹೆಣೆಯುವ ಮೇದಾರನಿಗೆ ಆ ದರ ಇರಲಿಲ್ಲ. ಗಿರಣಿಯ ಕೆಲಸಗಾರ ಬಂಧುಗಳು ಇದನ್ನು ತಮ್ಮ ಮೇಲಿನ ಮಾತೆಂದು ತಿಳಿಯಬಾರದು. ಅಗ್ಗದ ಬಿದಿರಿನ ಲಾಭ ಅವರ ಪಗಾರದ ಪಾಕೀಟಿಗೆ ಎಂದೂ ಬಂದದ್ದಿಲ್ಲ.

ಆಮೇಲೆ ಮ್ಯಾಂಗನೀಸ್ ಅದಿರಿನ ಲಾರಿ. ಆಮೇಲೆ ಕಾಳೀ ನದಿಗೆ ಅಣೆಕಟ್ಟುಗಳು. 1987ರ ಹೊತ್ತಿಗೆ ಸೂಪಾ ಅಣೆಕಟ್ಟು ಮುಗಿಯಿತು. ಸೂಪಾ ಪೇಟೆ ನೀರಿನಡಿ ಹೋಯಿತು, ಜನ ರಾಮನಗರದ ಒಣನೆಲಕ್ಕೆ ಬಂದು ಬಿದ್ದರು, ತಾಲ್ಲೂಕಿನ ಕಚೇರಿ ಜೊಯಿಡಾಕ್ಕೆ ಹೋಯಿತು. ಕೊಡಸಳ್ಳಿ, ಕದ್ರಾ ಬಂದವು. ಕೈಗಾದಲ್ಲಿ ಅಣುವಿದ್ಯುತ್ತಿನ ಸ್ಥಾವರ ಬಂತು. ಅಲ್ಲಿಯ ಮೊದಲನೆಯ ಘಟಕವು 2018ರ ಡಿಸೆಂಬರ್ 31ರವರೆಗೆ ಒಂದೇ ಸಮನೆ 962 ದಿನ ನಿಲ್ಲದೆ ಓಡಿ ಆಗ ಜಗತ್ತಿಗೇ ಮೊದಲನೆಯದೆನಿಸಿತು. ಒಳ್ಳೆಯದು, ಅಲ್ಲಿಯ ಕೆಲಸಗಾರರಿಗೆ ನಮಸ್ಕಾರ. ಅದೇ ಗುಡ್ಡದ ಮಗ್ಗುಲಿನ ಮಣ್ಣುರಸ್ತೆ ಮಳೆಗಾಲದಲ್ಲಿ 62 ದಿನ ನಿಲ್ಲದೆ ಓಡಿಸಿದರೆ ಸಾಕು ಎಂದು ನಾವು ಕೇಳುತ್ತಿದ್ದೇವೆ. ಜಗತ್ತಿನ ದಾಖಲೆ ನಮಗೆ ಬೇಡ.

ಮರ ಬೇಕಾದಾಗ ದಾರಿ, ಬಿದಿರು ಬೇಕಾದಾಗ ದಾರಿ, ಅದಿರು ಬೇಕಾದಾಗ ದಾರಿ, ಕರೆಂಟು ಬೇಕಾದಾಗ ದಾರಿ. ಆಗ ಯಾವ ಹುಲಿಗೂ ತೊಂದರೆಯಾಗಲಿಲ್ಲ. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು, 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳೀ ಎಂದು ಹೆಸರಿಟ್ಟರು. ತೆಗೆಯುವುದೆಲ್ಲ ತೆಗೆದಾದ ಮೇಲೆ ಬಾಗಿಲು ಹಾಕಿದರು. ಒಳಗೆ ಉಳಿದದ್ದು ಕುಣಬಿ, ಗೌಳಿ, ಮರಾಠರ ಹತ್ತೆಂಟು ಮನೆಯ ಮಜರೆಗಳು. ಈಗ ಅವರ ಗುದ್ದಲಿಯೇ ಕಾಡಿಗೆ ದೊಡ್ಡ ಶತ್ರುವಂತೆ! ಸಫಾರಿ ಜೀಪು ಓಡುವ ದಾರಿಯ ಗುಂಡಿ ಮುಚ್ಚುವಾಗ ಈ ಶತ್ರುತ್ವದ ಮಾತು ಏಳುವುದಿಲ್ಲವೆಂಬುದು ಬೇರೆ ವಿಷಯ.

ಇನ್ನು ಕಾನೂನು. ಕಾನೂನು ಬಿಡುವುದಿಲ್ಲ ಎನ್ನುವವರಿಗೆ ಕಾನೂನನ್ನೇ ಓದಿ ಹೇಳಬೇಕಾಗಿದೆ. 1980ರ ಅಕ್ಟೋಬರ್ 25ರಿಂದ ಜಾರಿಗೆ ಬಂದ ಅರಣ್ಯ ಸಂರಕ್ಷಣಾ ಕಾಯಿದೆ ಕೇಳುವುದು ಕಾಡುನೆಲವನ್ನು ಕಾಡಲ್ಲದ ಕೆಲಸಕ್ಕೆ ತಿರುಗಿಸುವ ಮೊದಲು ಕೇಂದ್ರದ ಒಪ್ಪಿಗೆ ಪಡೆಯಿರಿ ಎಂದು. ನಮ್ಮ ರಸ್ತೆ ಅದಕ್ಕೂ ಮೊದಲಿನದು. ಲಾರಿ ಓಡಿದ ದಾರಿ. ಹೊಸ ನೆಲ ಮುರಿಯುವ ಮಾತೇ ಇಲ್ಲ. ಇರಲಿ, ವಾದಕ್ಕೆ ಹೊಸ ನೆಲವೇ ಎಂದುಕೊಳ್ಳೋಣ. 2006ರ ಅರಣ್ಯ ಹಕ್ಕು ಕಾಯಿದೆಯ 3ನೆಯ ಕಲಮಿನ 2ನೆಯ ಉಪಕಲಮು ಏನು ಹೇಳುತ್ತದೆ? 1980ರ ಕಾಯಿದೆಯಲ್ಲಿ ಏನೇ ಇದ್ದರೂ ಶಾಲೆ, ದವಾಖಾನೆ, ಅಂಗನವಾಡಿ, ಪಡಿತರದ ಅಂಗಡಿ, ಕುಡಿಯುವ ನೀರು ಮೊದಲಾದ 13 ಬಗೆಯ ಕೆಲಸಗಳಿಗೆ ಕಾಡುನೆಲ ಕೊಡಬೇಕು ಎನ್ನುತ್ತದೆ. ಆ 13ರಲ್ಲಿ ರಸ್ತೆಯೂ ಒಂದು. ಕಟ್ಟಳೆ ಮೂರೇ: ಒಂದೊಂದು ಕೆಲಸಕ್ಕೂ ನೆಲ ಒಂದು ಹೆಕ್ಟೇರಿಗೆ ಕಡಿಮೆ ಇರಬೇಕು, ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದು, ಗ್ರಾಮಸಭೆ ಶಿಫಾರಸು ಮಾಡಿರಬೇಕು. 12 ಅಡಿ ಅಗಲದ ರಸ್ತೆಯಾದರೆ ಒಂದು ಹೆಕ್ಟೇರಿನಲ್ಲಿ ಸುಮಾರು 2.7 ಕಿಲೋಮೀಟರು ಹಿಡಿಯುತ್ತದೆ. ನಮಗೆ ಬೇಕಾದದ್ದು ಅದರ ಚೂರು ಪಾಲು. ಮರವೊಂದನ್ನೂ ಕಡಿಯುವುದಿಲ್ಲ. ಇದಕ್ಕೆ ದಿಲ್ಲಿಯವರೆಗೆ ಹೋಗಬೇಕಾಗಿಯೂ ಇಲ್ಲ, ವಿಭಾಗದ ಅರಣ್ಯಾಧಿಕಾರಿಯ ಮಟ್ಟದಲ್ಲೇ ತೀರ್ಮಾನವಾಗಬೇಕೆಂದು 2009ರಲ್ಲಿಯೇ ಕ್ರಮ ಗೊತ್ತುಮಾಡಿದ್ದಾರೆ.

"ಆ ಕಾಯಿದೆ ಬರಿಯ ಕಾಡಿಗೆ, ಉದ್ಯಾನಕ್ಕಲ್ಲ" ಎಂದು ಒಬ್ಬರು ಜಾಣರು ಹೇಳಿದರು. ಅದೇ ಕಾಯಿದೆಯ 2ನೆಯ ಕಲಮು ಅರಣ್ಯಭೂಮಿ ಎಂದರೆ ಏನೆಂದು ಬಿಡಿಸುವಾಗ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನ ಎಂದು ಹೆಸರಿಟ್ಟೇ ಹೇಳಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಈ ಮೇಜುಗಳ ಮುಂದೆ ನಿಂತವನೇ ಕಟ್ಟಿರಬೇಕು.

ಇನ್ನೊಂದು ಬಾಗಿಲು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, 2000ದ ಡಿಸೆಂಬರಿನಲ್ಲಿ ತೆರೆದದ್ದು. ಅಲ್ಲಿ ತಲೆ ಎಣಿಸುತ್ತಾರೆ. ಬಯಲುಸೀಮೆಯಲ್ಲಿ 500 ಜನರಿರುವ ಊರಿಗೆ ರಸ್ತೆ. ಗುಡ್ಡಗಾಡು ರಾಜ್ಯಗಳಿಗೆ, ಮರುಭೂಮಿಗೆ, ಸಂವಿಧಾನದ ಐದನೆಯ ಅನುಸೂಚಿಯ ಬುಡಕಟ್ಟು ಸೀಮೆಗೆ 250 ಸಾಕು. ಕರ್ನಾಟಕದಲ್ಲಿ ಐದನೆಯ ಅನುಸೂಚಿಯ ಸೀಮೆ ಎಂಬುದೇ ಇಲ್ಲ, ನಮ್ಮ ರಾಜ್ಯ ಗುಡ್ಡಗಾಡು ರಾಜ್ಯವೂ ಅಲ್ಲ. ಆದ್ದರಿಂದ ಅಣಶಿಯ ಗುಡ್ಡದ ಬುಡದ ಮಜರೆಯೂ ಬಯಲುಸೀಮೆಯ ಊರೂ ಆ ತಕ್ಕಡಿಯಲ್ಲಿ ಒಂದೇ! ಕುಣಬಿಗಳ ಸ್ಥಿತಿ ಇನ್ನೂ ವಿಚಿತ್ರ. ಗಡಿಯಾಚೆ ಗೋವೆಯಲ್ಲಿ 2003ರಿಂದ ಅವರು ಪರಿಶಿಷ್ಟ ಪಂಗಡ. ಗಡಿ ದಾಟಿ ಜೊಯಿಡಾಕ್ಕೆ ಬಂದರೆ ಅಲ್ಲ. ಅಲ್ಲಿಯ ಅಕ್ಕ ಬುಡಕಟ್ಟಿನವಳು, ಇಲ್ಲಿಯ ತಂಗಿ ಅಲ್ಲ. ಈ ತಂಗಿ ಅರಣ್ಯದ ಹಕ್ಕು ಕೇಳಿದರೆ ಮೂರು ತಲೆಮಾರಿನ, ಅಂದರೆ 75 ವರ್ಷದ ಪುರಾವೆ ತಾ ಎನ್ನುತ್ತಾರೆ.

ಹುಲಿಯ ಪರವಾಗಿ ಮಾತಾಡುವವರೊಡನೆ ನನಗೆ ಜಗಳವಿಲ್ಲ. ಮಂಗಟ್ಟೆ ಹಕ್ಕಿ ತಲೆಯ ಮೇಲೆ ರೆಕ್ಕೆ ಬಡಿದು ಹೋಗುವ ಸದ್ದು ಕೇಳಿದವನು ಆ ಕಾಡು ಹಾಳಾಗಲಿ ಎನ್ನಲಾರ. ಡಾಂಬರು ಬೇಡ. ಅಗಲ ಮಾಡುವುದು ಬೇಡ. ಗುಡ್ಡದ ಬುಡ ಕಡಿದು ಅಗಲ ಮಾಡಿದರೆ ಏನಾಗುತ್ತದೆಂದು 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಜೀವ ತೆತ್ತವರ ಮನೆಯವರನ್ನು ಕೇಳಿ. ನಾವು ಕೇಳುವುದು ಇದ್ದ ರಸ್ತೆ ಇದ್ದ ಹಾಗೆ ಇರಲಿ ಎಂದು. ಕೆಟ್ಟ ರಸ್ತೆಯಿಂದ ಕಾಡಿಗೆ ಲಾಭ ಎಂಬುದೂ ಸುಳ್ಳು. ರಸ್ತೆಯ ನಡುವೆ ಕೊರಕಲು ಬಿದ್ದರೆ ಜೀಪಿನವನು ಪಕ್ಕದ ಗಿಡ ತುಳಿದು ಹೊಸ ಗಾಲಿದಾರಿ ಮಾಡುತ್ತಾನೆ. ಅದೂ ಕೊರೆದರೆ ಇನ್ನೊಂದು. ಮೂರು ಮಳೆಗಾಲದಲ್ಲಿ 12 ಅಡಿಯ ರಸ್ತೆ 30 ಅಡಿಯ ಕೆಸರುಗದ್ದೆ. ಆ ಕೆಸರೆಲ್ಲ ಇಳಿಯುವುದು ಹಳ್ಳಕ್ಕೆ, ಹಳ್ಳದಿಂದ ಅಣೆಕಟ್ಟಿನ ಹಿನ್ನೀರಿಗೆ. ಹುಲಿಗೆ ಕುಡಿಯುವ ನೀರು ಕೆಂಪಾಗಿಸುವುದು ದುರಸ್ತಿಯಲ್ಲ, ದುರಸ್ತಿ ಮಾಡದೆ ಬಿಟ್ಟದ್ದು.

ಈ ದುರಸ್ತಿಯೇನು ದೊಡ್ಡ ಇಂಜಿನಿಯರಿಕೆಯೂ ಅಲ್ಲ. ಮಣ್ಣುರಸ್ತೆಯ ಶತ್ರು ಗಾಲಿಯಲ್ಲ, ನಿಂತ ನೀರು. ಆದ್ದರಿಂದ ಮೊದಲು ಗಟಾರ, ಆಮೇಲೆ ಮಣ್ಣು. ಗುಡ್ಡದ ಕಡೆ ಗಟಾರ ತೋಡಬೇಕು. ಇಳಿಜಾರಿನಲ್ಲಿ ಅಲ್ಲಲ್ಲಿ ಅಡ್ಡಗಾಲುವೆ ಹಾಕಿ ನೀರನ್ನು ಕೆಳಬದಿಗೆ ಬಿಡಬೇಕು, ರಸ್ತೆಯುದ್ದ ಓಡಲು ಬಿಟ್ಟರೆ ಅದು ರಸ್ತೆಯನ್ನೇ ಹೊತ್ತೊಯ್ಯುತ್ತದೆ. 12 ಅಡಿಯ ರಸ್ತೆಗೆ ನಡುವೆ 3 ಅಂಗುಲ ಉಬ್ಬಿದ್ದರೆ ಹನಿ ಎರಡೂ ಕಡೆ ಇಳಿಯುತ್ತದೆ. ಮಣ್ಣನ್ನು ಒಂದೊಂದು ಪದರ ಹಾಕಿ, ನೀರು ಚಿಮುಕಿಸಿ, ರೋಲರು ಎಳೆದು ಕೂರಿಸಬೇಕು. ಟಿಪ್ಪರಿನಿಂದ ಸುರಿದು ಫೋಟೋ ತೆಗೆದರೆ ಅದು ರಸ್ತೆಯಲ್ಲ, ಮಣ್ಣಿನ ಗುಡ್ಡೆ. ಹಳ್ಳಕ್ಕೆ ಒಂದಡಿಯ ಪೈಪು ಬೇಡ. ಮಳೆಯ ಭರಕ್ಕೆ ನೀರು ಮೇಲಿಂದ ಹಾಯ್ದುಹೋಗಿ ಎರಡು ತಾಸಿನಲ್ಲಿ ಇಳಿಯುವಂತಹ, ಕಲ್ಲು ಕಾಂಕ್ರೀಟಿನ ಮುಳುಗು ಸೇತುವೆ ಸಾಕು. ಅದರ ಪಕ್ಕ ಎತ್ತರಕ್ಕೆ, ಎರಡೂ ಬದಿಗೆ ಕೈಹಿಡಿಯಿರುವ ಗಟ್ಟಿ ಕಾಲುಸಂಕ. ತಳ ಹಳ್ಳದ ಮಟ್ಟಕ್ಕೇ ಇರಲಿ, ಮೊದಲ ಮಳೆಗೆ ಮೇಲೇರುವ ಹತ್ತುಮೀನಿಗೂ ದಾರಿ ಬೇಕಲ್ಲ. ಕೈಹಿಡಿಯ ಮಾತನ್ನು ಒತ್ತಿ ಹೇಳುತ್ತೇನೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಹೊರಟ ಎರಡನೆಯ ತರಗತಿಯ ಹುಡುಗಿ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿದವನಿಗೆ ಉತ್ತರ ಬಾರದ ಒಂದು ಹೆಸರು ಏನೆಂದು ಗೊತ್ತು.

ಕೆಲಸ ಮಾಡುವವರು ಯಾರು? ಮೊದಲೆಲ್ಲ ಲೋಕೋಪಯೋಗಿ ಇಲಾಖೆಗೆ ಗ್ಯಾಂಗಿನ ಆಳುಗಳಿದ್ದರು. ರಸ್ತೆಯ ತುಂಡೊಂದು ಗ್ಯಾಂಗಿನ ವಶ. ಮೇ ತಿಂಗಳ ಕೊನೆಗೆ ಗಟಾರ ಬಿಡಿಸುವುದು, ಮೋರಿಯ ಬಾಯಿಯ ಕಸ ತೆಗೆಯುವುದು, ಮಳೆಯಲ್ಲಿ ಗೋಣಿಕೊಪ್ಪೆ ಹಾಕಿಕೊಂಡು ಸಣ್ಣ ಕೊರಕಲನ್ನು ಅಂದೇ ಮುಚ್ಚುವುದು ಅವರ ಕೆಲಸ. ನಿವೃತ್ತರಾದವರ ಜಾಗಕ್ಕೆ ಆಳು ಬರಲಿಲ್ಲ, ಟೆಂಡರು ಬಂತು. ಗುತ್ತಿಗೆದಾರನಿಗೆ ಮೇ ತಿಂಗಳ ಗಟಾರದಲ್ಲಿ ಲಾಭವಿಲ್ಲ. ರಸ್ತೆ ಪೂರ್ತಿ ಕೆಟ್ಟರೆ ದೊಡ್ಡ ಎಸ್ಟಿಮೇಟು. ಒಂದು ಬುಟ್ಟಿ ಕಸ ತೆಗೆಯುವ ಕೂಲಿ ಉಳಿಸಿ ಒಂದು ಮೋರಿ ಕಳೆದುಕೊಳ್ಳುವ ಈ ಉಳಿತಾಯಕ್ಕೆ ಸರಕಾರವು ದಕ್ಷತೆ ಎಂದು ಹೆಸರಿಟ್ಟಿದೆ! ಅದೇ ಮಜರೆಗಳ ಜನರಿಗೆ ಮೇಯಿಂದ ಅಕ್ಟೋಬರಿನವರೆಗೆ ಗ್ಯಾಂಗಿನ ಕೆಲಸ ಕೊಡಿ, ಸರಿಯಾದ ಕೂಲಿ ಕೊಡಿ. ಶ್ರಮದಾನ ಮಾಡಿ ಎಂದು ಮಾತ್ರ ಬಂದು ಭಾಷಣ ಮಾಡಬೇಡಿ. ಬಡವನ ಶ್ರಮಕ್ಕೆ ದಾನ ಎಂದೂ, ಗುತ್ತಿಗೆದಾರನ ಶ್ರಮಕ್ಕೆ ಬಿಲ್ಲು ಎಂದೂ ಹೆಸರು ಬರುವುದು ಯಾವ ನ್ಯಾಯ?

ಇದನ್ನೆಲ್ಲ ಮಾಡದೆ ಸರಕಾರ ಮಾಡುವುದೊಂದಿದೆ. ಹುಲಿಯ ಕಾಡು ಬಿಟ್ಟು ಹೊರಟರೆ ಮನೆಗೆ ಹಣ: 2008ರಿಂದ 10 ಲಕ್ಷ, 2021ರಲ್ಲಿ ಅದನ್ನು 15 ಲಕ್ಷಕ್ಕೆ ಏರಿಸಿದರು. ಎಲ್ಲವೂ ಸ್ವಇಚ್ಛೆಯಿಂದ ಎಂದು ಕಾಗದದಲ್ಲಿದೆ. ಹೊರಡುವವರನ್ನು ನಾನು ತಡೆಯುವವನಲ್ಲ. ಜೋಲಿ ಹೊತ್ತು ಸಾಕಾದವರಿಗೆ ಆ ಹಕ್ಕು ಇದೆ. ಆದರೆ ಮೋರಿ ಕಟ್ಟದೆ, ನರ್ಸು ಬಾರದೆ, ಮಳೆಗಾಲದಲ್ಲಿ ನಾಲ್ಕು ತಿಂಗಳು ಕೂಡಿಹಾಕಿ, ಐದನೆಯ ತಿಂಗಳು ಇಚ್ಛೆ ಏನೆಂದು ಕೇಳಿದರೆ ಅದು ಇಚ್ಛೆಯೇ? ರಸ್ತೆ ಸರಿಮಾಡಿ ಕೊಟ್ಟು ಆಮೇಲೆ ಕೇಳಿ. ಆಗ ಹೊರಡುವೆ ಎಂದವನ ಮಾತು ನಂಬೋಣ.

ದಾಂಡೇಲಿಯ, ಕಾರವಾರದ ಅಂಗಡಿಕಾರ ಮಿತ್ರರಿಗೆ ಇದು ದೂರದ ಸುದ್ದಿ ಎನಿಸಬಹುದು. ಜೊಯಿಡಾದ ಗೆಡ್ಡೆಗೆಣಸು, ಮುರುಗಲು, ಉಪ್ಪಾಗೆ, ಜೇನು ನಿಮ್ಮ ತಕ್ಕಡಿಗೆ ಬರುವುದು ಯಾವ ದಾರಿಯಿಂದ? ದಾರಿ ಕಡಿದಾಗ ಸಂತೆಗೆ ಅವರು ಬರುವುದಿಲ್ಲ, ನಿಮ್ಮ ಎಣ್ಣೆ, ಬೆಲ್ಲ, ಬಟ್ಟೆ ಅವರ ಮನೆಗೆ ಹೋಗುವುದಿಲ್ಲ. ದಾರಿ ಇದ್ದರೂ ಜೀಪಿನವನು ದುಪ್ಪಟ್ಟು ಬಾಡಿಗೆ ಕೇಳಿ, ಆ ಬಾಡಿಗೆ ಕಳೆದು ದಲ್ಲಾಳಿ ಮುರುಗಲಿಗೆ ಅರೆದರ ಕಟ್ಟುತ್ತಾನೆ. ಗಿರಣಿಯ ಕೆಲಸಗಾರರಲ್ಲಿ ಎಷ್ಟು ಜನರ ಅಜ್ಜಿಮನೆ ಆ ಕಾಡಿನಲ್ಲಿಲ್ಲ?

ಮುಂದಿನ ಕೆಲಸ ಹೀಗಿದೆ. ಮಜರೆಯ ಜನ ಹಗ್ಗ ಹಿಡಿದು ರಸ್ತೆ ಅಳೆದಿದ್ದಾರೆ. ಎಲ್ಲೆಲ್ಲಿ ಕೊರೆದಿದೆ, ಎಷ್ಟು ಉದ್ದ, ಎಷ್ಟು ಆಳ ಎಂದು ಶಾಲೆಯ ಹಳೆಯ ಪಟ್ಟಿಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಗ್ರಾಮಸಭೆಯಲ್ಲಿ 3(2)ರ ಪ್ರಕಾರ ಠರಾವು ಮಾಡಿಸಿ, ಅಳತೆಯ ಪಟ್ಟಿಯೊಡನೆ ಮೂರು ಮೇಜುಗಳಿಗೂ ಒಂದೇ ದಿನ ಕೊಡುತ್ತೇವೆ, ಸ್ವೀಕೃತಿಯ ಮೊಹರು ಬೀಳುವವರೆಗೆ ಅಲ್ಲಿಯೇ ಕೂರುತ್ತೇವೆ. ಈ ಸಲ ಅರ್ಜಿ ಬಿಟ್ಟು ಬರುವುದಿಲ್ಲ. ಮಜರೆಯಿಂದ ಬರುವವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚೂ ಇದೆ. ಪಾಳಿ ಮುಗಿಸಿ ಬರಬಲ್ಲ ಕೆಲಸಗಾರರೂ, ಅಂಗಡಿಯಿಂದ ಅವಲಕ್ಕಿ, ಬೆಲ್ಲ, ಚಹಾದ ಪುಡಿ ಕೊಡಬಲ್ಲ ವ್ಯಾಪಾರಿ ಮಿತ್ರರೂ ಪಕ್ಷದ ಕಚೇರಿಯಲ್ಲಿ ಹೆಸರು ಬರೆಸಬೇಕು. ಸಂಜೆ ಆರರಿಂದ ಎಂಟರವರೆಗೆ ನಾನು ಅಲ್ಲಿಯೇ ಇರುತ್ತೇನೆ. ಅಳತೆಯ ಪುಸ್ತಕವೂ ಅಲ್ಲಿಯೇ ಇದೆ, ಬಂದು ನೋಡಬಹುದು.